ಅಮೃತ್ ಮಹಲಿನ ಹಳೇ ಗಿರಾಕಿಗಳು

ಅಜ್ಜಂಪುರದ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರದಲ್ಲಿ ವರ್ಷಕ್ಕೊಮ್ಮೆ ಹೋರಿಕರುಗಳ ಹರಾಜು. ಅಂದು ಬೆಳಗಿನಿಂದಲೇ ದೊಡ್ಡಿಯ ಬೇಲಿಗೆ ಜನ ಆತುಕೊಂಡು ನಿಂತಿರುತ್ತಾರೆ. ಪಂಚೆ ಎತ್ತಿಕಟ್ಟಿ, ಹೆಗಲಿಗೆ ಟವೆಲ್ ಹಾಕಿಕೊಂಡ ಹಿರಿಯರು. ಪಕ್ಕದಲ್ಲಿ ಮೊಬೈಲ್ ಹಿಡಿದ ಮಗನೋ ಮೊಮ್ಮಗನೋ. ಒಳಗಿನ ಕರುಗಳು ನಿಂತಲ್ಲಿ ನಿಲ್ಲುವುದಿಲ್ಲ. ಹುಟ್ಟಿದಂದಿನಿಂದ ಕಾವಲಿನಲ್ಲೇ, ಅಂದರೆ ಹಿಂಡಿಗೆಂದು ಮೀಸಲಿಟ್ಟ ಹುಲ್ಲುಗಾವಲಿನಲ್ಲೇ ಮೇಯ್ದವು, ಮೂಗುದಾರ ಕಂಡವಲ್ಲ. ಹೊಸ ಮನುಷ್ಯ ಹತ್ತಿರ ಬಂದರೆ ಕಿವಿ ನಿಮಿರಿಸಿ, ಮೂಗಿನಲ್ಲಿ ಬುಸುಗುಟ್ಟಿ, ಒಂದರ ಮೇಲೊಂದು ಬಿದ್ದು ಇನ್ನೊಂದು ಮೂಲೆಗೆ ನುಗ್ಗುತ್ತವೆ. ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ನೋಡುವಂತಿಲ್ಲ, ಬೆನ್ನು ತಟ್ಟುವಂತಿಲ್ಲ, ನೊಗಕ್ಕೆ ಕಟ್ಟಿ ನಾಲ್ಕು ಹೆಜ್ಜೆ ನಡೆಸಿ ನೋಡುವ ಮಾತಂತೂ ಇಲ್ಲವೇ ಇಲ್ಲ. ಕೊಂಬಿನ ಬುಡ, ಗೊರಸು, ಬಾಲದ ಕುಚ್ಚು, ಮೈಮೇಲಿನ ಸುಳಿ, ಎಲ್ಲವನ್ನೂ ಬೇಲಿಯ ಆಚೆಯಿಂದ ಕಣ್ಣಳತೆಯಲ್ಲೇ ಅಳೆಯಬೇಕು. ಆಮೇಲೆ ಸವಾಲು. ಒಂದು ಜೋಡಿ ಲಕ್ಷ ದಾಟಿತೆಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ.

ದನದ ಜಾತ್ರೆಯ ವ್ಯಾಪಾರವೇ ಬೇರೆ. ಅಲ್ಲಿ ಟವೆಲಿನಡಿ ಬೆರಳು ಹಿಡಿದು ಬೆಲೆ ಹೇಳುವ ದಲ್ಲಾಳಿ ಇದ್ದಾನೆ, ಸಂಚಕಾರ ಕೊಟ್ಟು ಮಾತು ಕಟ್ಟುವ ರೂಢಿ ಇದೆ, ಉಳುಮೆಗೆ ಹೂಡಿ ನೋಡಿ ಒಗ್ಗದಿದ್ದರೆ ಹಿಂದಕ್ಕೆ ತಂದುಬಿಡುವ ಕರಾರೂ ಉಂಟು. ಅಜ್ಜಂಪುರದಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಹೆಚ್ಚು ಕೂಗಿದವನಿಗೆ ಕರು. ಹಳೇ ಗಿರಾಕಿ ಎಂದು ನೂರು ರೂಪಾಯಿ ಬಿಡುವ ಅಧಿಕಾರ ಅಲ್ಲಿ ಯಾವ ಅಧಿಕಾರಿಗೂ ಇಲ್ಲ. ಆದರೂ ಬಂದವರೇ ಮತ್ತೆ ಬರುತ್ತಾರೆ. ದಾವಣಗೆರೆ, ಹಾವೇರಿ, ಚಿತ್ರದುರ್ಗ, ಶಿವಮೊಗ್ಗದ ಕಡೆಯವರು ಹಿಂದಿನ ರಾತ್ರಿಯೇ ಗಾಡಿ ಮಾಡಿಕೊಂಡು ಹೊರಡುತ್ತಾರೆ. ಮುಟ್ಟಿಯೂ ನೋಡದ ಕರುವಿಗೆ ಅವರು ಕೊಡುವ ದುಡ್ಡಿನಲ್ಲಿ ಕರುವಿನ ಬೆಲೆ ಎಷ್ಟು, ಅದು ಹೊರಟ ಮನೆಯ ಮೇಲಿನ ಭರವಸೆಯ ಬೆಲೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆ ಮನೆಯ ಚರಿತ್ರೆಗೆ ಮುನ್ನೂರು ವರ್ಷಕ್ಕೂ ಮೀರಿದ ವಯಸ್ಸು. ಅದರಲ್ಲಿ ಆರು ವರ್ಷ ಮಾತ್ರ ಮನೆಯ ಬಾಗಿಲು ಮುಚ್ಚಿತ್ತು. ಸಂಸ್ಥೆಯ ನಿಜವಾದ ಆಸ್ತಿ ಏನೆಂದು ತಿಳಿಯಬೇಕಾದರೆ ಆ ಆರು ವರ್ಷಗಳ ಕಥೆಯನ್ನೇ ನೋಡಬೇಕು. ಅದಕ್ಕೆ ಮೊದಲು ಸ್ವಲ್ಪ ಹಿಂದಿನದು.

ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿ ಸಾಕಿಸಿದ್ದ ದನಗಳ ಹಿಂಡು ಮೈಸೂರು ಅರಸರ ಕೈಗೆ ಬಂತು. ಅದಕ್ಕೊಂದು ಇಲಾಖೆಯ ರೂಪ ಬಂದದ್ದು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಿಂದ 1704ರ ನಡುವೆ. ಆಗಿನ ಹೆಸರು ಬೆಣ್ಣೆ ಚಾವಡಿ. ಅರಮನೆಗೆ ಹಾಲು, ಬೆಣ್ಣೆ ಒದಗಿಸುವುದು ಕೆಲಸ. ಇಂದಿನ ಅಮೃತ್ ಮಹಲ್ ಹಸುವಿನ ಕೆಚ್ಚಲು ಕಂಡವರಿಗೆ ಈ ಹೆಸರು ತಮಾಷೆಯಾಗಿ ತೋರಬಹುದು. ಕರು ಕುಡಿದು ಮಿಕ್ಕರೆ ಅದೇ ಹೆಚ್ಚು. ಹಾಲಿನ ಹಿಂಡು ಎತ್ತಿನ ಹಿಂಡಾಗಿ ಬದಲಾದದ್ದು ಹೈದರ್ ಅಲಿಯ ದಂಡಿನಲ್ಲಿ. ಫಿರಂಗಿ ಎಳೆಯಲು, ಸಾಮಾನು ಹೊರಲು ಅವನಿಗೆ ಓಟದ ಎತ್ತು ಬೇಕಿತ್ತು. ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಕ್ರಮಿಸಿದ್ದು, ಸೋತ ಕದನದಲ್ಲೂ ಶತ್ರುವಿನ ಕಣ್ಣೆದುರೇ ಫಿರಂಗಿಗಳನ್ನು ಎಳೆದುಕೊಂಡು ಪಾರಾದದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಬರಹಗಳು ಹೇಳುತ್ತವೆ. 1783ರಲ್ಲಿ ಬಿದನೂರನ್ನು ಮರಳಿ ಪಡೆಯಲು ಟಿಪ್ಪು ಪೂರ್ವದಿಂದ ಪಶ್ಚಿಮಕ್ಕೆ ಒಂದೇ ತಿಂಗಳಲ್ಲಿ ದಾಟಿ ಬಂದದ್ದೂ ಹಾಗೆಯೇ.

ಅಮೃತ್ ಮಹಲ್ ಎಂಬ ಹೆಸರು ಟಿಪ್ಪು ಇಟ್ಟದ್ದು. ಹೆಸರಿಗಿಂತ ಮುಖ್ಯವಾದದ್ದು ಅವನು ಹೊರಡಿಸಿದ ಹುಕುಂನಾಮೆ. ಹಿಂಡುಗಳ ಮೇಲ್ವಿಚಾರಣೆ ಹೇಗೆ, ಯಾರ ಹೊಣೆ ಎಷ್ಟು ಎಂಬ ಕಟ್ಟಳೆಗಳ ಪತ್ರ ಅದು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಹಿಂಡು ಬೇರೆಯವರ ಪಾಲಾಯಿತು. ಮೊದಲಲ್ಲಿ ನಿಗಾ ಸಾಲದೆ ತಳಿ ಸೊರಗಿತು. 1813ರಲ್ಲಿ ಮದ್ರಾಸ್ ಸೇನೆಯ ಸರಬರಾಜು ವಿಭಾಗದ ಕ್ಯಾಪ್ಟನ್ ಹಾರ್ವೆ ಉಸ್ತುವಾರಿ ವಹಿಸಿಕೊಂಡ ಮೇಲೆ ಚೇತರಿಸಿಕೊಂಡಿತು. ಇಲ್ಲಿ ಒಂದು ಸ್ವಾರಸ್ಯವಿದೆ. ಟಿಪ್ಪುವನ್ನು ಸೋಲಿಸಿದವರ ಅಧಿಕಾರಿಗಳು ಹಿಂಡಿನ ವಿಷಯಕ್ಕೆ ಬಂದಾಗ ಟಿಪ್ಪುವಿನ ಹುಕುಂನಾಮೆಯನ್ನೇ ಕೈಪಿಡಿ ಮಾಡಿಕೊಂಡರು. ರಾಜ್ಯ ಹೋಯಿತು, ಲಾಂಛನ ಬದಲಾಯಿತು. ದನ ಕಾಯುವವರ ಪದ್ಧತಿ ಮಾತ್ರ ಮುಂದುವರಿಯಿತು.

ಆ ಪದ್ಧತಿಯ ಬೆನ್ನೆಲುಬು ಕಾವಲು. ಅಮೃತ್ ಮಹಲಿನ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಲಾಗಿತ್ತು. ನೆರಳೂ ನೀರೂ ಇರುವ ಕಾವಲು ಬೇಸಿಗೆಗೆ ಮೀಸಲು. ಮಳೆ ಬಿದ್ದು ಬಯಲಿನಲ್ಲಿ ಹುಲ್ಲು ಚಿಗುರಿದ ಮೇಲೆ ಹಿಂಡು ಅತ್ತ. ಒಂದರ ಹುಲ್ಲು ಬಲಿಯುವ ಹೊತ್ತಿಗೆ ಇನ್ನೊಂದರಲ್ಲಿ ಮೇವು. ಕಡೂರಿನ ಕಪ್ಪು ಮಣ್ಣಿನ ಬಯಲು, ಬೀರೂರಿನ ಸುತ್ತಿನ ಕುರುಚಲು, ತರೀಕೆರೆ ಕಡೆಯ ಲಿಂಗದಹಳ್ಳಿಯಲ್ಲಿ ಮಲೆನಾಡು ತೊಡಗುವ ಅಂಚು, ಹೀಗೆ ಇಪ್ಪತ್ತು ಮೂವತ್ತು ಮೈಲಿಯ ಒಳಗೆ ಮೂರು ಬಗೆಯ ನೆಲ ಸಿಗುವ ಜಾಗ ಇದು. ಈ ಭಾಗದಲ್ಲಿ ಅಮೃತ್ ಮಹಲ್ ಇಷ್ಟು ಗಟ್ಟಿಯಾಗಿ ಬೇರೂರಿದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಹಿಂಡಿನ ಜೊತೆ ಇರುವವರು ದಾರೋಗ, ಸೇರ್ವೆಗಾರ, ಕೆಳಗೆ ದನಗಾಹಿಗಳು. ಕಾಗದದ ಮೇಲೆ ಇದು ನೌಕರಿ, ಕಾವಲಿನಲ್ಲಿ ಮನೆತನದ ಕಸುಬು. ಅಮೃತ್ ಮಹಲ್ ಹಸು ಸಾಧು ಪ್ರಾಣಿಯಲ್ಲ. ಮುಂದೆ ಉಬ್ಬಿ ನಡುವೆ ಗೆರೆ ಎಳೆದಂತಿರುವ ಹಣೆ, ಹಿಂದಕ್ಕೆ ಬಾಗಿ ಮೇಲಕ್ಕೆ ಚಾಚಿದ ಚೂಪು ಕೊಂಬು, ಬೂದು ಮೈ. ಅಪರಿಚಿತರು ಕಂಡರೆ ಕೊಂಬು ತಗ್ಗಿಸುವ ಜಾತಿ. ಅಂಥ ಹಿಂಡಿನ ನಡುವೆ ದನಗಾಹಿ ಕೈಯಲ್ಲೊಂದು ಕೋಲೂ ಇಲ್ಲದೆ ನಡೆದುಹೋಗುತ್ತಾನೆ. ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು ಒಂದೊಂದರ ಹೆಸರು ಹಿಡಿದು ಕೂಗುತ್ತಾನೆ. ಕೂಗಿದ ಹಸು ಗುಂಪಿನಿಂದ ತಲೆಯೆತ್ತಿ ಬಿಡಿಸಿಕೊಂಡು ಬರುತ್ತದೆ. ನೋಡಲು ಬಂದವರು ಮೊಬೈಲ್ ತೆಗೆಯುವುದು ಆಗಲೇ. ಹೆಸರು ಕೂಗಿ ಬರಮಾಡಿಕೊಳ್ಳುವ ಈ ಸಲಿಗೆ ಒಂದು ತಿಂಗಳ ತರಬೇತಿಯಲ್ಲಿ ಬರುವಂಥದ್ದಲ್ಲ. ಕರು ಹಾಕಿದ ದಿನದಿಂದ ಅದೇ ದನಿ ಅದರ ಕಿವಿಗೆ ಬಿದ್ದಿರಬೇಕು. ವರ್ಗಾವಣೆಯಾಗಿ ಬರುವ ಸಾಹೇಬರು ಹೋಗುತ್ತಾರೆ, ದನಿ ಉಳಿಯುತ್ತದೆ.

19ನೆಯ ಶತಮಾನದ ಮೊದಲ ಅರ್ಧದಲ್ಲಿ ಈ ಎತ್ತುಗಳ ಹೆಸರು ಸೈನ್ಯದ ಕಾಗದಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದವನು, ದಖ್ಖನ್ನಿನ ದಂಡಯಾತ್ರೆಗಳಲ್ಲಿ ನೆಚ್ಚಿಕೊಂಡದ್ದು ಮೈಸೂರಿನ ಎತ್ತುಗಳನ್ನು. 1842ರ ಹೊತ್ತಿನ ಆಫ್ಘನ್ ಯುದ್ಧಕ್ಕೆ ಹೋದ 230 ಮೈಸೂರು ಎತ್ತುಗಳು ಎಷ್ಟೋ ಸಲ ದಿನಕ್ಕೆ 16 ಗಂಟೆ ನೊಗದಲ್ಲಿದ್ದೂ ಸೋಲಲಿಲ್ಲ ಎಂದು ಅಲ್ಲಿದ್ದ ಅಧಿಕಾರಿಯೇ ವರದಿ ಬರೆದ. ಆಗ ಹಿಂಡಿನಲ್ಲಿ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಸಾಲುಗಳನ್ನು ಬೆರೆಯದಂತೆ ಬೇರೆಬೇರೆಯಾಗಿ ಕಾಯುತ್ತಿದ್ದರು. ಹುಣಸೂರು ಇಲಾಖೆಯ ಕೇಂದ್ರ. ಸರಬರಾಜು ಮಾಡುವವರು ಯಾರು, ಸರಕು ಎಂಥದ್ದು, ಎಷ್ಟು ವಯಸ್ಸಿಗೆ ಬರುತ್ತದೆ ಎಂಬುದು ಕೊಳ್ಳುವ ಸೇನೆಗೆ ಬಾಯಿಪಾಠವಾಗಿತ್ತು.

ಆಮೇಲೆ 1860 ಬಂತು.

1857ರ ದಂಗೆ ಅಡಗಿಸುವ ಖರ್ಚಿನಲ್ಲಿ ಸರ್ಕಾರದ ಖಜಾನೆ ಬರಿದಾಗಿತ್ತು. ಭಾರತದ ಮೊದಲ ಬಜೆಟ್ಟು, ಮೊದಲ ಆದಾಯ ತೆರಿಗೆ, ಎರಡೂ ಇದೇ 1860ರವು. ಎಲ್ಲಿ ಕತ್ತರಿಸಬಹುದು ಎಂದು ಎಲ್ಲ ಕಚೇರಿಗಳಲ್ಲೂ ಹುಡುಕಾಟ. ಲೆಕ್ಕದ ಪುಸ್ತಕ ಹಿಡಿದವರ ಕಣ್ಣಿಗೆ ಅಮೃತ್ ಮಹಲ್ ಬರೀ ಖರ್ಚಾಗಿ ಕಂಡಿತು. ಇಷ್ಟು ಕಾವಲು, ಇಷ್ಟು ದನಗಾಹಿಗಳ ಸಂಬಳ, ವರ್ಷಗಟ್ಟಲೆ ಮೇಯಿಸಿದ ಮೇಲೆ ಒಂದು ಎತ್ತು. ಬೇಕಾದಾಗ ಸಂತೆಯಲ್ಲಿ ರೈತರಿಂದ ಕೊಂಡರಾಯಿತಲ್ಲ ಎಂಬುದು ವಾದ. ಮೇಲುನೋಟಕ್ಕೆ ಸುಳ್ಳೇನಲ್ಲ. ಇಲಾಖೆಯನ್ನು ಮುಚ್ಚಿದರು, ಹಿಂಡನ್ನು ಮಾರಿದರು. ದೊಡ್ಡ ಪಾಲು ಈಜಿಪ್ಟಿನ ಪಾಷಾನಿಗೆ ಹೋಯಿತು. ಎರಡು ಶತಮಾನ ಕೂಡಿಟ್ಟದ್ದು ಹಡಗು ಹತ್ತಿತು.

ಲೆಕ್ಕದಲ್ಲಿ ಬಿಟ್ಟುಹೋದದ್ದು ಏನೆಂದು ತಿಳಿಯಲು ತಡವಾಗಲಿಲ್ಲ. ಸಂತೆಯಲ್ಲಿ ಎತ್ತು ಸಿಗುತ್ತಿತ್ತು, ನಿಜ. ಆದರೆ ಒಂದೇ ಎತ್ತರದ, ಒಂದೇ ನಡಿಗೆಯ, ಒಂದೇ ಕಸುವಿನ ಎತ್ತುಗಳು ಬೇಕೆಂದಾಗ ಬೇಕಾದಷ್ಟು ಸಿಗುತ್ತಿರಲಿಲ್ಲ. ಸಂತೆಗೆ ಬರುವ ರೈತ ತನ್ನ ಒಳ್ಳೆಯ ಜೋಡಿಯನ್ನು ಮನೆಯಲ್ಲೇ ಇಟ್ಟುಕೊಂಡು ಉಳಿದದ್ದನ್ನು ತರುತ್ತಾನೆ. ಅದು ಅವನ ತಪ್ಪೂ ಅಲ್ಲ. ನಾಳೆ ಮತ್ತೆ ನನ್ನ ಹತ್ತಿರವೇ ಬರುತ್ತಾನೆಂಬ ಖಾತರಿ ಇಲ್ಲದ ಗಿರಾಕಿಗೆ ಯಾರು ತಾನೇ ಮನೆಯ ಒಳ್ಳೆಯದನ್ನು ತೆಗೆದುಕೊಟ್ಟಾರು? ಇನ್ನೊಂದು ಪೆಟ್ಟು ಊರೂರಿಗೂ ತಗುಲಿತು. ರೈತರ ಮನೆಯ ದನಕ್ಕೂ ಒಳ್ಳೆಯ ರಕ್ತ ಹರಿದು ಬರುತ್ತಿದ್ದುದು ಅಮೃತ್ ಮಹಲಿನ ಬೀಜದ ಹೋರಿಗಳಿಂದ. ಬಾವಿ ಮುಚ್ಚಿದ ಮೇಲೆ ಕಾಲುವೆಯಲ್ಲಿ ನೀರು ಎಲ್ಲಿಂದ?

1866ರಲ್ಲಿ ಇಲಾಖೆಯನ್ನು ಮತ್ತೆ ಕಟ್ಟಿದರು. ಮಾರಲು ಒಂದು ಆಜ್ಞೆ ಸಾಕಾಗಿತ್ತು. ಕೂಡಿಸಲು ಚದುರಿದ ತಳಿಯನ್ನು ಹುಡುಕಿ ಕಲೆಹಾಕಬೇಕಾಯಿತು. ಬೇರೆಬೇರೆಯಾಗಿ ಕಾದುಕೊಂಡು ಬಂದಿದ್ದ ಮೂರು ಸಾಲುಗಳು ಮತ್ತೆ ಮೂರಾಗಿ ನಿಲ್ಲಲಿಲ್ಲ. ಹೊಸ ಹಿಂಡಿಗೆ ಹೆಚ್ಚಾಗಿ ಹಳ್ಳಿಕಾರ್ ರಕ್ತವೇ ಬುನಾದಿ. ನಾವು ಇಂದು ಅಮೃತ್ ಮಹಲ್ ಎಂದು ಕರೆಯುವ ತಳಿ ಈ ಎರಡನೆಯ ಕಟ್ಟೋಣದ್ದು. 1860ಕ್ಕೆ ಮೊದಲು ಇದ್ದದ್ದು ಪೂರ್ತಿ ಹಿಂದಿರುಗಲೇ ಇಲ್ಲ ಎಂದರೂ ತಪ್ಪಾಗದು.

1882ರಲ್ಲಿ ಮೈಸೂರು ಸರ್ಕಾರ ಹಿಂಡನ್ನು ತನ್ನ ವಶಕ್ಕೆ ಪಡೆಯಿತು. ಹಾಗೆ ಪಡೆಯುವಾಗಲೂ ಮದ್ರಾಸ್ ಸೇನೆಗೆ ಎತ್ತು ಒದಗಿಸುವ ಹೊಣೆ ಜೊತೆಯಲ್ಲೇ ಬಂತು. ಮಾಲೀಕರು ಬದಲಾದರೂ ಹಳೆಯ ಗಿರಾಕಿಯನ್ನು ಕೈಬಿಡಲಿಲ್ಲ. ಆರು ವರ್ಷದ ಪಾಠ ಅಷ್ಟಾದರೂ ಕೆಲಸ ಮಾಡಿತ್ತು.

ಅಷ್ಟರಲ್ಲಿ ಕಡೂರು, ಬೀರೂರು, ಅಜ್ಜಂಪುರದ ಸೀಮೆಯ ಬದುಕೇ ಬದಲಾಗತೊಡಗಿತ್ತು. ಬೆಂಗಳೂರಿನಿಂದ ಅರಸೀಕೆರೆ, ಕಡೂರು, ಬೀರೂರು, ಅಜ್ಜಂಪುರ ಹಾದು ಹರಿಹರಕ್ಕೆ ರೈಲು ಬಂದದ್ದು 1889ರಲ್ಲಿ. ಬೀರೂರಿನಿಂದ ಕವಲೊಡೆದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋದದ್ದು 1899ರಲ್ಲಿ. ಮಲೆನಾಡಿನ ಕಾಫಿ, ಅಡಿಕೆ, ಏಲಕ್ಕಿ ಎತ್ತಿನ ಗಾಡಿಯಲ್ಲಿ ಇಳಿದು ಕಡೂರು, ಬೀರೂರಿನ ಸ್ಟೇಷನ್ನಿಗೆ ಸೇರುತ್ತಿತ್ತು. ಚಿಕ್ಕಮಗಳೂರಿಗೆ ರೈಲು ಬರಲು 2013ರವರೆಗೆ ಕಾಯಬೇಕಾಯಿತು ಎಂದರೆ ಕಡೂರು ಎಷ್ಟು ದೀರ್ಘಕಾಲ ಮಲೆನಾಡಿನ ಹೆಬ್ಬಾಗಿಲಾಗಿತ್ತೆಂದು ಊಹಿಸಿಕೊಳ್ಳಬಹುದು. ಜಿಲ್ಲೆಗೇ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಫಿರಂಗಿ ಎಳೆಯುವ ಕೆಲಸ ಕಡಿಮೆಯಾದಂತೆ ಸರಕು ಎಳೆಯುವ, ಹೊಲ ಉಳುವ ಕೆಲಸಕ್ಕೆ ಈ ತಳಿ ಒಗ್ಗಿಕೊಂಡಿತು. 1923ರಲ್ಲಿ ಇಲಾಖೆ ಸೇನೆಯ ಹಿಡಿತದಿಂದ ಕೃಷಿ ಇಲಾಖೆಗೆ ಬಂದಾಗ ಗಿರಾಕಿಯೂ ಅಧಿಕೃತವಾಗಿ ಬದಲಾದ. ದಂಡಿನ ಜಾಗದಲ್ಲಿ ರೈತ ಬಂದು ನಿಂತ. ಅದೇ ದಶಕದಲ್ಲಿ ಅಜ್ಜಂಪುರ ತಳಿ ಸಂವರ್ಧನೆಯ ಮುಖ್ಯ ನೆಲೆಯಾಗಿ ರೂಪುಗೊಂಡಿತು.

ಇಲ್ಲಿ ಅಡಿಕೆಯ ಮಾತನ್ನೂ ಆಡಬೇಕು. ಎತ್ತಿನ ವ್ಯಾಪಾರ ಅರ್ಥವಾಗದವರಿಗೂ ಈ ಸೀಮೆಯಲ್ಲಿ ಅಡಿಕೆಯ ವ್ಯಾಪಾರ ಅರ್ಥವಾಗುತ್ತದೆ. ತರೀಕೆರೆ ಕಡೆಯ ತೋಟದವನು ಸುಲಿದು, ಬೇಯಿಸಿ, ಚೊಗರು ಕೊಟ್ಟು, ಒಣಗಿಸಿದ ಅಡಿಕೆಯನ್ನು ಮಂಡಿಗೆ ಹಾಕಿ ಬರುತ್ತಾನೆ. ದರ ಅಂದೇ ತೀರ್ಮಾನವಾಗಬೇಕೆಂದಿಲ್ಲ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರ್ಪಡಿಸುವ ಕಣ್ಣು ಮಂಡಿಯವನದು. ತೂಕ ಅವನ ತಕ್ಕಡಿಯದು. ಮದುವೆಗೆ, ಕೊನೆ ಕೊಯ್ಲಿನ ಕೂಲಿಗೆ ಬೇಕಾದ ಮುಂಗಡವೂ ಅವನ ಗಲ್ಲಾದಿಂದಲೇ. ಅಪ್ಪ ಹಾಕಿದ ಮಂಡಿಗೇ ಮಗನೂ ಹಾಕುತ್ತಾನೆ. ಈ ನಂಟಿಗೆ ಎರಡು ಮುಖ. ಬರಗಾಲದ ವರ್ಷ ಕೈ ಹಿಡಿದದ್ದೂ ಅದೇ, ಮುಂಗಡದ ಋಣಕ್ಕೆ ಸಿಕ್ಕಿ ಬೇರೆ ಕಡೆ ಹೆಚ್ಚು ದರ ಇದ್ದರೂ ಒಯ್ಯಲಾಗದಂತೆ ಕಟ್ಟಿಹಾಕಿದ್ದೂ ಅದೇ. 1939ರಲ್ಲಿ ಶಿವಮೊಗ್ಗದಲ್ಲಿ ಬೆಳೆಗಾರರೇ ಸೇರಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ಅಂದರೆ ಮ್ಯಾಮ್ಕೋಸ್, ಕಟ್ಟಿಕೊಂಡದ್ದು ಈ ಎರಡನೆಯ ಮುಖ ಕಂಡೇ. ಹಳೆಯ ಸಂಬಂಧ ಎಂದ ಮಾತ್ರಕ್ಕೆ ಅದು ಒಳ್ಳೆಯದೇ ಆಗಿರಬೇಕಿಲ್ಲ. ಲೆಕ್ಕ ಎರಡೂ ಕಡೆಯವರ ಕಣ್ಣಿಗೆ ಬೀಳುವಂತಿದ್ದರೆ ಅದು ಬಾಳುತ್ತದೆ. ಅಜ್ಜಂಪುರದ ಹರಾಜು ಇಷ್ಟು ಕಾಲ ಮರ್ಯಾದೆ ಉಳಿಸಿಕೊಂಡದ್ದರಲ್ಲಿ ಬಯಲಿನಲ್ಲಿ, ಎಲ್ಲರ ಕಿವಿಗೆ ಬೀಳುವಂತೆ ಕೂಗುವ ಸವಾಲಿನ ಪಾಲು ದೊಡ್ಡದು. ಟವೆಲಿನಡಿಯ ಬೆರಳಿಗೆ ಅಲ್ಲಿ ಕೆಲಸವಿಲ್ಲ.

ಸ್ವಾತಂತ್ರ್ಯಾನಂತರದ ಕಥೆಯನ್ನು ಹೇಳುವುದು ಅಷ್ಟು ಖುಷಿಯ ಕೆಲಸವಲ್ಲ. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಯಷ್ಟಿದ್ದ ಕಾವಲು ಇಂದು ಒಂದು ಲಕ್ಷ ಎಕರೆಗೂ ಕಡಿಮೆ. ಸಾಗುವಳಿಗೆ ಹೋಯಿತು, ಊರು ಬೆಳೆದು ನುಂಗಿತು, ಸಂಸ್ಥೆಗಳಿಗೆ ಮಂಜೂರಾಯಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಹತ್ತಿರ ಹತ್ತಿರ 10,000 ಎಕರೆ ಅಮೃತ್ ಮಹಲ್ ಕಾವಲು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳ ಪಾಲಾದದ್ದು, ಸುತ್ತಲ ಹಳ್ಳಿಗಳವರು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದ್ದು ಈಚಿನ ಸಂಗತಿ. ಕಾವಲನ್ನು ಖಾಲಿ ಜಾಗ ಎಂದು ಬರೆದುಕೊಳ್ಳುವ ಕಚೇರಿಯ ಅಭ್ಯಾಸ 1860ರದ್ದೇ ಮುಂದುವರಿಕೆ. ಆಗ ಹಿಂಡಿನ ಖರ್ಚನ್ನಷ್ಟೇ ಲೆಕ್ಕ ಹಾಕಿದರು, ಈಗ ನೆಲದ ದರವನ್ನಷ್ಟೇ ಹಾಕುತ್ತಿದ್ದಾರೆ.

ಕಾವಲು ಕಾವಲಾಗಿಯೇ ಉಳಿದ ಕಡೆ ಏನಾಗುತ್ತದೆ ಎಂಬುದಕ್ಕೆ ಕಡೂರು ತಾಲ್ಲೂಕಿನ ಬಾಸೂರು ಸಾಕ್ಷಿ. ಮುನ್ನೂರು ವರ್ಷ ನೇಗಿಲು ಮುಟ್ಟದ ಹುಲ್ಲುಗಾವಲು ದನಕ್ಕಷ್ಟೇ ಅಲ್ಲ, ಕೃಷ್ಣಮೃಗಕ್ಕೂ ಮನೆಯಾಗಿದೆ. 2011ರಲ್ಲಿ ಅದನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಚಿಕ್ಕದೇವರಾಜರಿಗಾಗಲಿ ಟಿಪ್ಪುವಿಗಾಗಲಿ ಕೃಷ್ಣಮೃಗದ ಯೋಚನೆ ಇದ್ದಿರಲಾರದು.

ಟ್ರ್ಯಾಕ್ಟರು ಬಂದ ಮೇಲೆ ಎತ್ತು ಯಾರಿಗೆ ಬೇಕು? ಈ ಪ್ರಶ್ನೆಗೆ ಅಜ್ಜಂಪುರದ ಬೇಲಿಗೆ ಆತು ನಿಂತವರೇ ಉತ್ತರ. ಕೆಲವರಿಗೆ ಇನ್ನೂ ಉಳುಮೆಗೆ ಬೇಕು. ಹಾವೇರಿ, ಶಿಕಾರಿಪುರದ ಕಡೆಯವರಿಗೆ ಹೋರಿ ಹಬ್ಬಕ್ಕೆ ಬೇಕು, ಓಡುವ ಹೋರಿಗೆ ಅಲ್ಲಿ ಊರೇ ಅಭಿಮಾನಿ. ಅಂತರಘಟ್ಟೆಯ ಜಾತ್ರೆಗೆ ಬಂಡಿ ಕಟ್ಟುವ ಮನೆಗಳಿಗೆ ಜೋಡಿ ಚೆನ್ನಾಗಿರಬೇಕೆಂಬ ಹಟ. ಮತ್ತೆ ಕೆಲವರು ಅಪ್ಪ ಕಟ್ಟಿದ್ದ ಹಟ್ಟಿಯಲ್ಲಿ ಅಮೃತ್ ಮಹಲ್ ಇಲ್ಲದಿದ್ದರೆ ಹೇಗೆ ಎಂಬ ಒಂದೇ ಕಾರಣಕ್ಕೆ ಬರುತ್ತಾರೆ. ವ್ಯಾಪಾರದ ಶಾಸ್ತ್ರ ಓದಿದವರು ಇದನ್ನು ಯಾವ ಖಾತೆಗೆ ಸೇರಿಸುತ್ತಾರೋ ತಿಳಿಯದು.

ಹರಾಜು ಮುಗಿದ ಮೇಲಿನ ಹೊತ್ತನ್ನು ಹೆಚ್ಚು ಜನ ನೋಡುವುದಿಲ್ಲ. ಸವಾಲು ಗೆದ್ದವನು ಹಣ ಕಟ್ಟಿ ಬಂದು ದೊಡ್ಡಿಯ ಬಾಗಿಲಲ್ಲಿ ನಿಲ್ಲುತ್ತಾನೆ. ಒಳಗಿನವರು ಹಗ್ಗ ಬೀಸಿ ಕರುವನ್ನು ಹಿಡಿಯುತ್ತಾರೆ. ನಾಲ್ಕು ಜನ ಬೇಕು, ಕೆಲವೊಮ್ಮೆ ಆರು. ಧೂಳೆದ್ದು ಯಾರ ಮುಖವೂ ಕಾಣದು. ಕರು ವಾಹನ ಏರಲು ಒಲ್ಲೆನೆಂದು ಕಾಲೂರಿ ನಿಂತಾಗ ಅದನ್ನು ಮೇಯಿಸಿದ ದನಗಾಹಿ ಮುಂದೆ ಬಂದು ಹೆಸರು ಹಿಡಿದು ಕರೆಯುತ್ತಾನೆ. ಅದು ಸ್ವಲ್ಪ ಸಡಿಲಾಗುತ್ತದೆ. ಕೊಂಡವನು ಆ ಹೊತ್ತಿಗೆ ಕೇಳುವ ಪ್ರಶ್ನೆಗಳು ದರದ ಬಗ್ಗೆ ಇರುವುದಿಲ್ಲ. ಇದರ ತಾಯಿ ಹೇಗೆ, ಮೊದಲು ಯಾವ ಮೇವು ಹಾಕಲಿ, ಹಳೇ ಎತ್ತಿನ ಜೊತೆ ಕಟ್ಟಿ ಪಳಗಿಸಲೋ ಜೋಡಿಯಾಗಿಯೇ ಕಟ್ಟಲೋ. ದನಗಾಹಿ ಹೇಳುತ್ತಾನೆ. ಕೇಳಿದವನ ಮೊಬೈಲಿನಲ್ಲಿ ಅವನ ನಂಬರು ಸೇರಿಕೊಳ್ಳುತ್ತದೆ.

ಈ ಲೇಖನ ಓದುತ್ತಿರುವವರಲ್ಲಿ ಅಂಥ ಜೋಡಿಯನ್ನು ಮನೆಗೆ ತಂದ ಕುಟುಂಬಗಳಿವೆ, ಕಾವಲಿನಲ್ಲಿ ಕೆಲಸ ಮಾಡಿದ ಮನೆತನಗಳೂ ಇವೆ. ಇಲಾಖೆಯ ದಫ್ತರದಲ್ಲಿ ಹಿಂಡಿನ ಲೆಕ್ಕ ಸಿಗುತ್ತದೆ, ನಿಮ್ಮ ಮನೆಯ ಹಿರಿಯರ ನೆನಪು ಸಿಗುವುದಿಲ್ಲ. ಹರಾಜಿನ ಹಳೆಯ ರಸೀದಿ, ನೊಗ ಹೊತ್ತ ಜೋಡಿಯ ಮುಂದೆ ನಿಂತು ತೆಗೆಸಿಕೊಂಡ ಫೋಟೋ, ಅಜ್ಜ ಹೇಳುತ್ತಿದ್ದ ಹಸುಗಳ ಹೆಸರು, ಇದ್ದರೆ ಒಂದು ಪ್ರತಿ ಮಾಡಿಸಿ ಅಜ್ಜಂಪುರದ ಕೇಂದ್ರಕ್ಕೆ ತಲುಪಿಸಿ. ಮುಂದಿನ ಹರಾಜಿಗೆ ಹೋಗುವಾಗ ಜೇಬಿನಲ್ಲಿಟ್ಟುಕೊಂಡು ಹೋದರೂ ಆಯಿತು.